ಕರೆಂಟ್ ಕೊಡದ ಮೇಡಂ

ಬೀದಿದೀಪಗಳು ಇನ್ನೂ ಆರಿಲ್ಲ. ಕ್ಷೌರದಂಗಡಿಯ ಅರ್ಧ ಎತ್ತಿದ ಶಟರಿನಡಿ ತಲೆ ತಗ್ಗಿಸಿ ಒಳಬಂದ ಮಹಿಳೆ ಸೀದಾ ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂರುತ್ತಾರೆ. ಕೊರಳಿಗೆ ಬಿಳಿ ಬಟ್ಟೆ ಸುತ್ತಿಸಿಕೊಳ್ಳುತ್ತಾರೆ. ಕೂದಲು ಕತ್ತರಿಸಿಕೊಳ್ಳುವ ಇರಾದೆ ಮಾತ್ರ ಅವರಿಗಿಲ್ಲ.

"ಸುಮ್ನೆ ಗಾಳೀಲಿ ಕತ್ತರಿ ಆಡಿಸಿ ಅಣ್ಣ. ನಾನಿಲ್ಲ ಅಂದ್ಕೊಳ್ಳಿ."

"ನೀವಿಲ್ಲ ಅಂದ್ಕೊಂಡ್ರೆ ಯಾರ ತಲೆ ಮೇಲೆ ಆಡಿಸ್ಲಿ?" ಎನ್ನುತ್ತಾನೆ ಅಂಗಡಿಯ ಯಜಮಾನ. ಊರಿಗೆಲ್ಲ ಆತ ಕತ್ತರಿಯಣ್ಣ. ಮುಖದಲ್ಲಿ ನಗುವಿಲ್ಲ. ಬಲಗೈ ಮೇಲೇಳುತ್ತದೆ, ಭುಜದ ಮಟ್ಟಕ್ಕೆ ಬಂದದ್ದೇ ತಡ, ಹಲ್ಲು ಕಚ್ಚುತ್ತಾನೆ. ಎದುರಿನ ಕನ್ನಡಿಯಲ್ಲಿ ಆಕೆ ನೋಡುತ್ತಿರುವುದು ತಮ್ಮ ಮುಖವನ್ನಲ್ಲ, ಅವನ ಮೊಣಕೈಯನ್ನು.

ಇವರು ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಕಾರಿಡಾರಿನ ಕೊನೆಯಲ್ಲಿ, ಹಿಂದೆ ಹಾಸಿಗೆ ಬಟ್ಟೆ ಪೇರಿಸಿಡುತ್ತಿದ್ದ ಕೋಣೆಯೇ ಇವರ ಕಾರ್ಯಕ್ಷೇತ್ರ. ಒಂದೆರಡು ಮಂಚ, ಗೋಡೆಯ ಕೊಕ್ಕೆಗೆ ಕಟ್ಟಿದ ರಬ್ಬರ್ ಪಟ್ಟಿ, ಮೂಲೆಯಲ್ಲಿ ಮುಸುಕು ಹೊದ್ದು ಮುನಿಸಿಕೊಂಡಂತೆ ನಿಂತ, ನೋವಿಗೆ ಕರೆಂಟ್ ಕೊಡುವ ಯಂತ್ರ. ಆ ಮುಸುಕಿನ ದೆಸೆಯಿಂದಲೇ ಇವರಿಗೆ "ಕರೆಂಟ್ ಕೊಡದ ಮೇಡಂ" ಎಂಬ ಹೆಸರು ಬಿದ್ದಿದೆ.

ನೋವೆಂದು ಬಂದವರಿಗೆಲ್ಲ ಯಂತ್ರ ತಾಗಿಸಿ, ಶಾಖ ಕೊಟ್ಟು ಕಳಿಸುವುದು ಇಲ್ಲಿನ ರೂಢಿ. ಇವರೂ ವರ್ಷಗಟ್ಟಲೆ ಹಾಗೇ ಮಾಡಿದವರು. ಮಲಗಿದವರಿಗೆ ಹಾಯೆನಿಸುತ್ತಿತ್ತು, ಆದರೆ ಅದೇ ಮುಖಗಳು ಅದೇ ನೋವು ಹೊತ್ತು ಮರಳುತ್ತಿದ್ದವು. "ನನ್ನ ಕೈಗುಣ ಚೆನ್ನಾಗಿದೆ ಅಂತ ಬರ್ತಿದ್ರು. ಅಷ್ಟು ಚೆನ್ನಾಗಿದ್ರೆ ಮತ್ತೆ ಯಾಕೆ ಬರ್ಬೇಕು ಅಂತ ಅನ್ಸೋಕೆ ಶುರುವಾಯ್ತು," ಎನ್ನುತ್ತಾರೆ.

ಆಗ ಹಿಡಿದದ್ದು ಓದಿನ ಹುಚ್ಚು. ಬಸ್ಸಿನಲ್ಲಿ ನಿಂತು, ಒಲೆಯ ಮೇಲೆ ಹಾಲು ಕಾಯುವಷ್ಟರಲ್ಲಿ, ಫೋನಿನಲ್ಲಿ ಸಂಶೋಧನಾ ಪ್ರಬಂಧಗಳು. ಹಾಲು ಉಕ್ಕಿದ್ದೂ ಉಂಟು. "ನಮ್ಮತ್ತೆ ಕೇಳ್ತಾರೆ, ಪಾಸಾದ ಮೇಲೂ ಓದೋದು ಯಾವ ಪರೀಕ್ಷೆಗಮ್ಮ ಅಂತ." ಕತ್ತರಿಯಣ್ಣನಿಗಿರುವಂಥ ಭುಜದ ನೋವಿಗೆ ಸ್ನಾಯುಗಳಿಗೆ ಬಲ ತುಂಬುವ ವ್ಯಾಯಾಮಕ್ಕೆ ಇರುವಷ್ಟು ಆಧಾರ ಯಂತ್ರಕ್ಕಿಲ್ಲ ಎಂದು ಅವರು ಓದಿದ್ದು ಹಾಗೆ. ಯಂತ್ರಕ್ಕೆ ಮುಸುಕು ಬಿದ್ದದ್ದೂ ಆಗಲೇ.

ಕತ್ತರಿಯಣ್ಣ ಭುಜ ಹಿಡಿದುಕೊಂಡು ಬಂದಾಗ ಇವರು ಓದಿದ್ದನ್ನು ಓದಿದ ಹಾಗೇ ಕೊಟ್ಟರು: ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ, ದಿನವೂ, ಅಂಗಡಿ ಮುಚ್ಚಿದ ಮೇಲೆ. ಆತ ಶ್ರದ್ಧೆಯಿಂದ ಮಾಡಿದ. ಕೈ ಇನ್ನಷ್ಟು ಸೋತಿತು. ತಲೆ ಬಾಚಿಕೊಳ್ಳಲೂ ಎಡಗೈ ಬೇಕಾಯಿತು. ಊರಿನ ತಲೆಗಳನ್ನೆಲ್ಲ ತಿದ್ದಿದವನಿಗೆ ತನ್ನ ತಲೆಯೇ ಎಟುಕದಾಯಿತು.

"ಅಂಗಡೀನ ಭಾಮೈದನಿಗೆ ಕೊಟ್ಬಿಡ್ತೀನಿ ಮೇಡಂ," ಎಂದ, ಹೊಸ್ತಿಲಲ್ಲೇ ನಿಂತು. "ಇಲ್ಲಾಂದ್ರೆ ಕರೆಂಟ್ ಕೊಡೋರ ಹತ್ರ ಹೋಗ್ತೀನಿ. ನೀವು ನೋವಿಗೆ ಕೆಲಸ ಹಚ್ಚಿ ಕಳಿಸ್ತೀರಿ ಅಷ್ಟೆ."

"ಜನಕ್ಕೆ ಬೇಕಾದ್ದು ಕೊಟ್ಟು ಕಳಿಸಮ್ಮ, ನಿಂಗ್ಯಾಕೆ ತಲೆನೋವು," ಎಂದು ಹಿರಿಯ ವೈದ್ಯರೂ ಹೇಳಿದ್ದರು. ಮುಸುಕು ತೆಗೆದಿದ್ದರೆ ಕತ್ತರಿಯಣ್ಣ ಅವತ್ತು ನಗುತ್ತ ಹೋಗುತ್ತಿದ್ದ. "ಕೈ ಆ ಕಡೆ ಹೋಗಿತ್ತು, ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ ಮೇಡಂ. ಬಾಯಿಂದ ಬಂದದ್ದು ಮಾತ್ರ ಬೇರೆ ಮಾತು: "ಒಂದ್ಸಲ ನಿಮ್ಮ ಅಂಗಡೀಲಿ ಕೂತ್ಕೊಳ್ಲಾ ಅಣ್ಣ? ಆಮೇಲೆ ನಿಮ್ಮಿಷ್ಟ."

ಹಾಗೆ ಬಂದು ಕೂತ ಬೆಳಗು ಇದು. ಅಜ್ಜಿಯರು ಹೇಳುವ ಕಥೆಯಲ್ಲಿ ರಾಕ್ಷಸನ ಪ್ರಾಣ ಅವನ ಎದೆಯಲ್ಲಿರುವುದಿಲ್ಲ. ಏಳು ಕೋಟೆಗಳಾಚೆ ಯಾವುದೋ ಗಿಳಿಯೊಳಗೆ ಅಡಗಿರುತ್ತದೆ. ಕತ್ತರಿಯಣ್ಣನ ನೋವಿನ ಪ್ರಾಣವೂ ಭುಜದಲ್ಲಷ್ಟೇ ಇರಲಿಲ್ಲ.

"ಈ ಕುರ್ಚಿ ಇನ್ನೂ ಕೆಳಗಿಳಿಯಲ್ವಾ?"

"ಇಳಿಯುತ್ತೆ. ಅಪ್ಪ ನನಗಿಂತ ಗೇಣುದ್ದ ಎತ್ತರ. ಅವರ ಮಟ್ಟಕ್ಕೆ ಇಟ್ಟಿದ್ದು. ಅವರು ಹೋದ್ಮೇಲೆ ಮುಟ್ಟಿಲ್ಲ. ಯಜಮಾನ ಇಟ್ಟ ಕುರ್ಚಿ ಇಳಿಸಿದ್ರೆ ಅಂಗಡಿ ಇಳಿದ ಹಾಗೆ ಅಂತ."

ಅಪ್ಪನ ಎತ್ತರಕ್ಕೆ ಮಗ ದಿನವಿಡೀ ಕೈ ಎತ್ತುತ್ತಿದ್ದಾನೆ. ಅದರ ಮೇಲೆ ಸಂಜೆಯ ವ್ಯಾಯಾಮ. "ಬಿದ್ದವನ ಮೇಲೆ ಕಲ್ಲು ಎತ್ತಿಹಾಕಿದ ಹಾಗಾಗಿತ್ತು ನನ್ನ ಕೆಲಸ," ಎನ್ನುತ್ತಾರೆ. "ಪ್ರಬಂಧದಲ್ಲಿ ತಪ್ಪಿರ್ಲಿಲ್ಲ. ಆ ಅಧ್ಯಯನದಲ್ಲಿದ್ದವರ ಕೈ ಹಗಲೆಲ್ಲ ಏನು ಮಾಡ್ತಿತ್ತು, ಇವರ ಕೈ ಏನು ಮಾಡುತ್ತೆ ಅಂತ ನಾನೇ ಕೇಳ್ಕೊಂಡಿರ್ಲಿಲ್ಲ."

ಕತ್ತರಿಯಣ್ಣ ಕುರ್ಚಿಯ ಸನ್ನೆಕೋಲಿನ ಮೇಲೆ ಕಾಲಿಡುತ್ತಾನೆ, ಒತ್ತುವುದಿಲ್ಲ. "ಅಪ್ಪ ಇದ್ದಿದ್ರೆ ಏನಂತಿದ್ರೋ."

"ಕುಳ್ಳ ಅಂತಿದ್ರು. ಒತ್ತಿ ಅಣ್ಣ."

ಕಿರುಗುಟ್ಟುತ್ತ, ಕುಳಿತ ಮೇಡಂ ಸಮೇತ, ಕುರ್ಚಿ ಕೆಳಗಿಳಿಯುತ್ತದೆ.

ಅಲ್ಲಿಂದ ವ್ಯಾಯಾಮ, ಕೈ ದಣಿಯುವ ಮುಂಚಿನ ಬೆಳಗಿನ ಹೊತ್ತಿಗೆ ಬಂದಿದೆ. ಮೊದಲು ತೆಳು ಪಟ್ಟಿ, ಭುಜ ಒಪ್ಪಿದಂತೆಲ್ಲ ಬಿಗಿಯದು. ದಿನ ಬೆಳಗಾಗುವುದರೊಳಗೆ ಆದದ್ದೇನಲ್ಲ. ಎಷ್ಟೋ ವಾರಗಳು ಕಳೆದ ಮೇಲೆ ಒಂದು ದಿನ ಆತ ಕಾರಿಡಾರಿನ ಕೊನೆಯ ಕೋಣೆಗೆ ಬಂದು, ಮಾತಿಗೆ ಮುಂಚೆ ಬಲಗೈಯಿಂದಲೇ ತಲೆ ಸವರಿಕೊಂಡು ತೋರಿಸುತ್ತಾನೆ.

"ನೋವು ಪೂರ್ತಿ ಹೋಗಿದೆ ಅನ್ನಲ್ಲ ಮೇಡಂ. ಭಾಮೈದ ಅಂಗಡಿ ಬೀಗದ ಕೈ ಕೇಳೋಕೆ ಬಂದಿದ್ದ. ಬೇಕಾದ್ರೆ ತಲೆ ಕೊಡು, ಕಟಿಂಗ್ ಮಾಡ್ತೀನಿ, ಬೀಗದ ಕೈ ಕೊಡಲ್ಲ ಅಂದೆ."

ಅವನು ಹೋದ ಮೇಲೆ ಇವರು ಪಟ್ಟಿ ಸುತ್ತಿಡುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಬಾಗಿಲತ್ತ ಕೈ ತೋರಿಸುತ್ತಾರೆ. "ವಾರಕ್ಕೊಂದು ಹೊತ್ತು ಈ ಬಾಗಿಲು ಹಾಕ್ಕೊಂಡು, ನಮ್ಮ ಕೆಲಸದೋರೆಲ್ಲ ಒಟ್ಟಿಗೆ ಕೂತು ಓದೋಕೆ ಬಿಟ್ರೆ ಸಾಕು. ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತೆ."

ಅಷ್ಟರಲ್ಲಿ ಮಂಡಿ ಹಿಡಿದ ಹೆಂಗಸೊಬ್ಬರು ಗೋಡೆ ಆತುಕೊಂಡು ಬರುತ್ತಾರೆ. ಕೇಳುವ ಮೊದಲೇ ಕರೆಂಟಿಗೆಂದು ಮಂಚ ಹತ್ತಲು ಹೊರಡುತ್ತಾರೆ. ಇವರು ಕೈಹಿಡಿದು ಕೂರಿಸಿ, ಸ್ಟೂಲು ಎಳೆದುಕೊಂಡು ಎದುರು ಕೂರುತ್ತಾರೆ.

"ಮಂಡಿ ಆಮೇಲೆ ನೋಡೋಣಮ್ಮ. ಬೆಳಗ್ಗೆ ಎದ್ದ ಕೂಡಲೇ ಏನ್ಮಾಡ್ತೀರಿ? ಅಲ್ಲಿಂದ ಹೇಳಿ."