ತುಟಿ ಕಾಸುವ ವಜೀರಸಾಬ

ಹಳಿಯಾಳದ ಪೇಟೆಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ವಜೀರಸಾಬನನ್ನು ಕಲಾಯಿಯಿಂದ ಗುರುತಿಸುವವರು ಕಡಿಮೆ. ಬಾಸಿನ ವಜೀರ ಎಂದರೆ ಮಾತ್ರ ಸುತ್ತಲ ಹಳ್ಳಿಗೆಲ್ಲ ಗೊತ್ತು. ಬಾಸು ಎಂದರೆ ಮದುವೆ ಬ್ಯಾಂಡಿನ ದೊಡ್ಡ ಪಿತ್ತಾಳೆ ವಾದ್ಯ, ಓದಿದವರು ಟ್ಯೂಬಾ ಅನ್ನುತ್ತಾರಲ್ಲ, ಅದು. ಹೊತ್ತುಕೊಂಡರೆ ಮನುಷ್ಯ ಕಾಣುವುದಿಲ್ಲ, ವಾದ್ಯಕ್ಕೇ ಕಾಲು ಬಂದಂತಿರುತ್ತದೆ. ಮುಕ್ತಾರ ಮಾಸ್ತರರ ಬ್ಯಾಂಡಿನಲ್ಲಿ ಇದ್ದದ್ದು ಒಂದೇ ಬಾಸು. ಹದಿನೆಂಟು ವರ್ಷ ಅದು ವಜೀರನ ಹೆಗಲು ಬಿಟ್ಟು ಇನ್ನೊಂದು ಹೆಗಲು ಕಂಡಿರಲಿಲ್ಲ.

ಊದುವ ಮೊದಲು ತುಟಿ ಕಾಸಬೇಕು. ತಣ್ಣಗಿನ ತುಟಿಯಿಂದ ಊದಿದರೆ ಬಾಸು ಅಡ್ಡಾದಿಡ್ಡಿ ಒದರುತ್ತದೆ. ವಜೀರ ಅದಕ್ಕೆ ಅರ್ಧ ತಾಸು ತೆಗೆದುಕೊಳ್ಳುತ್ತಿದ್ದ. ಹಿತ್ತಲಲ್ಲಿ ಕುಳಿತು ಬಿಸಿನೀರು ಮುಕ್ಕಳಿಸುವುದು, ಕೆನ್ನೆ ತಿಕ್ಕುವುದು, ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುವುದು. ಮನೆಯಾಕೆ ಹಾಜಿರಾಬಿ ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ ಮುಂಡಗೋಡಿನ ಮನ್ಸೂರ ಪಲ್ಟಣದ ಬ್ಯಾಂಡಿನಿಂದ ಬಿಡುಗಡೆಯಾಗಿ ಬಂದ. ಮೂವತ್ತರ ಗಟ್ಟಿ ಆಳು. ಬ್ಯಾಂಡಿನ ಅಂಗಡಿಗೆ ಕೆಲಸ ಕೇಳಿ ಬಂದು ಮಾಸ್ತರರ ಮುಂದೆ ನಿಂತು, ಬಾಯಿ ಮುಚ್ಚಿ ಒಂದಿಷ್ಟು ಗುಂಯ್ ಎಂದ, ಕುದುರೆಯ ಹಾಗೆ ತುಟಿ ಫರ್ರೆಂದು ಅದುರಿಸಿದ, ಕೆಳಗಿನಿಂದ ಐದು ಸ್ವರ ಹತ್ತಿ ಇಳಿದ. ಎರಡು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಆಮೇಲೆ ಊದಿದನೋ, ಅಂಗಡಿಯ ತಗಡು ನಡುಗಿತು. ಬಾಗಿಲಲ್ಲಿ ನಿಂತಿದ್ದ ವಜೀರನ ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದು ತಿದಿ ಒತ್ತಿದ ಹಾಗಾಯಿತು.

ಸಾಂಬ್ರಾಣಿ ಊರಿನ ಅಂದಾನೆಪ್ಪನ ಮಗಳ ಮದುವೆಗೆ ಇಬ್ಬರೂ ಬರಬೇಕು, ಬಾಸು ಮನ್ಸೂರ ಹೊರಬೇಕು, ಚಲೋ ಆದರೆ ಮುಂದೆಯೂ ಅವನೇ ಎಂದು ಮಾಸ್ತರರು ಹೇಳಿಬಿಟ್ಟರು. ವಜೀರನಿಗೆ ಢೋಲು. ಆ ರಾತ್ರಿ ಅವನು ಉಣ್ಣಲಿಲ್ಲ. ಮನ್ಸೂರನ ದನಿಗಿಂತ ಆ ಎರಡು ಬೀಡಿಯ ಹೊತ್ತು ಅವನನ್ನು ಸುಡುತ್ತಿತ್ತು. ತಾನು ಹದಿನೆಂಟು ವರ್ಷ ಹಿತ್ತಲಲ್ಲಿ ಕಳೆದ ಅರ್ಧರ್ಧ ತಾಸು ಎಲ್ಲಿ ಹೋಯಿತು?

ಮಾಘದ ಚಳಿಯಲ್ಲಿ ಹೊತ್ತು ಏರುವ ಮೊದಲೇ ಬ್ಯಾಂಡಿನ ಎತ್ತಿನ ಚಕ್ಕಡಿ ಸಾಂಬ್ರಾಣಿಯ ಅಗಸಿಗೆ, ಊರ ಹೆಬ್ಬಾಗಿಲಿಗೆ, ಬಂತು. ಗಂಡಿನವರು ಬಂದ ಕೂಡಲೇ ಬಾರಿಸಿ ಎದುರುಗೊಳ್ಳಬೇಕು. ಮನ್ಸೂರ ಬೇವಿನ ಗಿಡದ ಕೆಳಗೆ ನಿಂತು ಗುಂಯ್ ಎಂದು ಮುಗಿಸಿದ. ಅಷ್ಟರಲ್ಲಿ ಅಂದಾನೆಪ್ಪ ತಾನೇ ತಾಟು ಹಿಡಿದು ಬಂದು ಎಲ್ಲರಿಗೂ ಎಲೆ ಅಡಿಕೆ ಕೊಟ್ಟ. ಯಜಮಾನ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ತಿಂದರೆ ಚೊಗರು ಅಡಿಕೆಗೆ ಬಾಯಿ ಬಿಗಿಯುತ್ತದೆ, ಸುಣ್ಣಕ್ಕೆ ತುಟಿ ಸುಡುತ್ತದೆ. ಆ ಸೀಮೆಯ ಊದುವವರೆಲ್ಲ ಎಲೆಯನ್ನು ಕಣ್ಣಿಗೊತ್ತಿಕೊಂಡು ರುಮಾಲಿನಲ್ಲಿ ಸಿಗಿಸಿ, ಊದುವುದು ಮುಗಿದ ಮೇಲೆ ತಿನ್ನುವುದು ರೂಢಿ. ಪಲ್ಟಣದಲ್ಲೇ ಊದಲು ಕಲಿತ ಮನ್ಸೂರನಿಗೆ ಇದೆಲ್ಲಿ ಗೊತ್ತು? ಯಜಮಾನನಿಗೆ ಸಲಾಂ ಹೇಳಿ ಇಡೀ ಎಲೆ ಬಾಯಿಗೆ ಹಾಕಿಕೊಂಡ. ವಜೀರ ನೋಡಿದ. ಕೈ ಎತ್ತಬೇಕೆಂದು ಬೆರಳು ಅಲುಗಿತು. ಎತ್ತಲಿಲ್ಲ.

ಗಂಡಿನವರ ಚಕ್ಕಡಿಗಳು ಕಂಡವು. ಮನ್ಸೂರ ಊದಿದ. ಬಾಸು ಸಂಕಟಪಡುವ ಕೋಣದಂತೆ ಒದರಿತು. ಮತ್ತೆ ಊದಿದ, ಮತ್ತೆ ಅದೇ. ಬೀಗರ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಂದಾನೆಪ್ಪನ ಮುಖ ಕಪ್ಪಿಟ್ಟಿತು. ಮಾಸ್ತರರು ಬಾಸನ್ನು ಕಸಿದು ವಜೀರನ ಹೆಗಲಿಗೆ ಹಾಕಿ, ಸಣ್ಣ ತುತ್ತೂರಿ ಊದುವ ಕಾರ್ನೆಟ್ಟಿನವನಿಗೆ ನೀನೊಬ್ಬನೇ ನಡೆಸು ಎಂದು ಸನ್ನೆ ಮಾಡಿದರು.

ಆಗ ಹೊಳೆಯಿತು ವಜೀರನಿಗೆ. ಬೆಳಗಿನಿಂದ ಮನ್ಸೂರನನ್ನೇ ನೋಡುತ್ತ ಕುಳಿತವನು ತನ್ನ ತುಟಿ ಕಾಸಿರಲೇ ಇಲ್ಲ. ಅರ್ಧ ತಾಸು ಕೊಡುವವರು ಯಾರು? ಬಾಸು ಹೆಗಲಿಗೆ ಬಂದಿತ್ತು, ಬಾಯಿ ಕಲ್ಲಾಗಿತ್ತು.

ಮನ್ಸೂರ ಎಲೆ ಉಗುಳಿ ಹತ್ತಿರ ಬಂದ.

"ಚಾಚಾ, ಚಕ್ಕಡಿ ಹಿಂದ ಬರ್ರಿ. ಬಾಯಿ ಮುಚ್ಚಿ ಗುಂಯ್ ಅನ್ರಿ. ಎದಿ ನಡುಗೂ ಹಂಗ."

"ನನಗ ಕಲಸ್ತಿಯೇನಪಾ?"

"ಕಲಸೂದಲ್ರಿ. ಹೊತ್ತಿಲ್ಲ. ಈಗ ತುಟಿ ಅದುರಿಸ್ರಿ, ಕುದರಿ ಹಂಗ. ಗಲ್ಲ ಸಡಲ ಬಿಡ್ರಿ. ಹೂಂ, ಈಗ ಐದು ಸ್ವರ, ಹಗೂರ್ಕ."

ವಜೀರ ಚಕ್ಕಡಿಯ ಮರೆಯಲ್ಲಿ ನಿಂತು, ತನಗಿಂತ ಕಿರಿಯವನ ಮುಂದೆ ಕುದುರೆಯ ಹಾಗೆ ತುಟಿ ಅದುರಿಸಿದ. ಕಾರ್ನೆಟ್ಟಿನವನು ಒಂದು ಹಾಡು ಮುಗಿಸುವುದರೊಳಗೆ ತುಟಿ ಬಿಸಿಯಾಗಿ ಸಡಿಲಾಯಿತು. ಊದಿದ. ದನಿ ನೆಲ ಹಿಡಿದು ಅಗಸಿ ದಾಟಿ ಊರೊಳಗೂ ಹೋಯಿತು. ನಗು ನಿಂತಿತು. ಅಂದಾನೆಪ್ಪ ರುಮಾಲು ಸರಿಪಡಿಸಿಕೊಂಡ.

ಬಾಸು ಇನ್ನು ವಜೀರನದೇ ಎಂದು ಮಾಸ್ತರರು ಅಲ್ಲೇ ಹೇಳಿದರು. ಅವನು ಕಾಯುತ್ತಿದ್ದ ಮಾತು ಅದೇ. ಆದರೆ ಮೆರವಣಿಗೆ ನಡೆದಂತೆ ಅವನ ಕಣ್ಣು ಪಕ್ಕಕ್ಕೇ ಹೋಗುತ್ತಿತ್ತು. ಮನ್ಸೂರ ಢೋಲು ಕಟ್ಟಿಕೊಂಡು ಬಾರಿಸುತ್ತಿದ್ದ. ಸೋತವನ ಮುಖವಿರಲಿಲ್ಲ. ಆಗ ನಕ್ಕ ಬೀಗರೇ ಈಗ ಅವನ ಸುತ್ತ ಕುಣಿಯುತ್ತಿದ್ದರು, ಅವನೂ ನಗುತ್ತಿದ್ದ. ಬಾಸು ಕೈಬಿಟ್ಟರೂ ಇಷ್ಟು ಹಗುರಾಗಿ ನಡೆಯಲು ಬರುತ್ತದೆಯೇ ಮನುಷ್ಯನಿಗೆ? ವಜೀರನಿಗೆ ಗೊತ್ತಿರಲಿಲ್ಲ.

ಮುಂದೆ ಹನ್ನೆರಡು ವರ್ಷ ಅವನೇ ಬಾಸು ಊದಿದ. ಅರ್ಧ ತಾಸಿನ ಹಿತ್ತಲು ಬಿಟ್ಟ; ಗುಂಯ್, ಫರ್ರ್, ಐದು ಸ್ವರ, ಮುಗಿಯಿತು. ಎಲ್ಲಿ ಕಲಿತಿರಿ ಎಂದು ಹಾಜಿರಾಬಿ ಕೇಳಿದಳಂತೆ. ಹಿಂದಿನಿಂದಲೂ ಬರುತ್ತಿತ್ತು ಎಂದ. ಎಲೆಯ ಮಾತನ್ನು ಮನ್ಸೂರನಿಗೆ ಕಡೆಯವರೆಗೂ ಹೇಳಲಿಲ್ಲ.