ತಗ್ಗಿದ ತಲೆಗೆ ಬಂದ ಬಹುಮಾನ

ಭಾಲ್ಕಿಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಸುಶೀಲಕುಮಾರ ಮಾಸ್ತರರಿಗೆ ಒಂದು ಹುಚ್ಚಿತ್ತು. ಮುಂದೆಂದೋ ಬರಲಿರುವ ಕೆಟ್ಟ ಕಾಲದ ಕಥೆಗಳ ಹುಚ್ಚು. ಅಚ್ಚಿನಲ್ಲಿ ಇಟ್ಟಿಗೆ ತೆಗೆದಂತೆ ಮನುಷ್ಯರನ್ನು ತಯಾರು ಮಾಡುವ ಪಟ್ಟಣಗಳು, ಇವನು ಆಳಲಿಕ್ಕೆ, ಅವನು ಹೊರಲಿಕ್ಕೆ ಎಂದು ಹುಟ್ಟುವ ಮೊದಲೇ ನಿಶ್ಚಯ ಮಾಡುವ ಸರಕಾರಗಳು, ಹಾಗೆ ಹೊರುವುದರಲ್ಲೇ ಸುಖ ಕಾಣುವ ಜನ. ಇಂಥ ಕಥೆ ಎಲ್ಲಿ ಸಿಕ್ಕರೂ ಬಿಡುತ್ತಿರಲಿಲ್ಲ. ಬೀದರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುವಾಗ ಮೊದಲ ಸಲ ಅಂಥದೊಂದು ಪುಸ್ತಕ ಕೈಗೆ ಬಂದಿತ್ತು. ಕೋಣೆಯ ಗೆಳೆಯರೆಲ್ಲ "ಅಬಬಬಾ, ಎಂಥಾ ಕಲ್ಪನಾ!" ಎಂದು ಬಾಯಿ ತೆರೆದರೆ, ಎಕಂಬಾ ಹಳ್ಳಿಯಿಂದ ಬಂದಿದ್ದ ಈ ಹುಡುಗ ನಕ್ಕುಬಿಟ್ಟಿದ್ದ.

"ಇದರಾಗ ಕಲ್ಪನಾ ಏನದಲೇ? ನಮ್ಮ ಓಣಿಗಿ ಬಾ, ಪುಕ್ಕಟ ತೋರಸ್ತೇನಿ."

ನಗೆಯ ಹಿಂದೆ ಅವನ ಅವ್ವ ಶಾಲುಬಾಯಿ ಇದ್ದಳು. ದೊಡ್ಡವರ ಮನೆಗಳ ಸಾಲು ಬಂತೆಂದರೆ ಸಾಕು, ಮಗನ ತೋಳು ಚಿವುಟುವಳು. ಚಿವುಟಿದ ಕೂಡಲೇ ಕಣ್ಣು ನೆಲಕ್ಕೆ ಹೋಗಬೇಕು. ಸಾಲು ದಾಟಿದ ಮೇಲೆ ಅದೇ ತೋಳನ್ನು ಸವರಿ, "ನನ್ನ ರಾಜಾ, ಶಾಣ್ಯಾ ಇದ್ದೀ ನೋಡು" ಎನ್ನುವಳು. ಪಾಪ, ಆ ತಾಯಿಯ ಮೇಲೆ ಸಿಟ್ಟಾಗುವುದು ಹೇಗೆ? ಮಗ ಏಟು ತಿನ್ನಬಾರದು ಎನ್ನುವುದಷ್ಟೇ ಅವಳ ಲೆಕ್ಕ. ಆದರೆ ಸುಶೀಲಕುಮಾರರು ಅಂದೇ ಆಣೆ ಮಾಡಿಕೊಂಡಿದ್ದರು, ನನಗೆ ಹುಟ್ಟುವ ಕೂಸನ್ನು ನಾನು ಚಿವುಟುವುದಿಲ್ಲ ಎಂದು. ಆಣೆಯೇನೋ ಉಳಿಸಿಕೊಂಡರು. ಚಿವುಟಲಿಲ್ಲ.

ನೌಕರಿ ಸಿಕ್ಕಿತು, ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮನಿಷಾಳ ಜೊತೆ ಮದುವೆಯಾಯಿತು, ಮಗಳು ಹುಟ್ಟಿದಳು. ಎದೆಯುಬ್ಬಿಸಿ ಆಮ್ರಪಾಲಿ ಎಂದು ಹೆಸರಿಟ್ಟರು. ಮಗುವಿಗೆ ಐದು ತುಂಬುವಾಗ ಭಾಲ್ಕಿಗೆ ವರ್ಗವಾಯಿತು. ಬಾಡಿಗೆ ಮನೆ ಹುಡುಕಲು ಹೊರಟರು ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ. ಎಲ್ಲ ಕಡೆ ನಗುನಗುತ್ತ ಚಹಾ ಕೊಡುವುದು, ಚಹಾ ಮುಗಿಯುವಷ್ಟರಲ್ಲಿ "ನಿಮ್ಮ ಅಡ್ಡೆಸರು ಏನ್ರಿ?" ಎನ್ನುವುದು. ಅಡ್ಡಹೆಸರು ಕೇಳಿದ ಮೇಲೆ ಮಾಲಕರ ಮಗನೋ ಅಳಿಯನೋ ಊರಿಗೆ ಮರಳಿ ಬರುವವನಿರುತ್ತಿದ್ದ. ಆ ತಿಂಗಳು ಭಾಲ್ಕಿಯ ಎಲ್ಲ ಮಕ್ಕಳೂ ಒಟ್ಟಿಗೆ ಮನೆಗೆ ಮರಳುತ್ತಿದ್ದರೋ ಏನೋ!

ಕೊನೆಗೆ ಜನಾಬಾಯಿ ಎಂಬ ವಿಧವೆ ಮುದುಕಿಯ ಮನೆ ಸಿಕ್ಕಿತು. ಅವಳು ಕೇಳಿದ್ದು ಒಂದೇ, "ಗೌರ್ಮೆಂಟ್ ನೌಕರಿ ಪಕ್ಕಾ ಅದಲ್ಲ ಮಾಸ್ತರ?" ಅವಳು ಅಡ್ಡಹೆಸರು ಕೇಳಲಿಲ್ಲ, ಇವರೂ ಹೇಳಲಿಲ್ಲ. ಸಾಮಾನು ಇಳಿಸಿದ ದಿನವೇ ಬುದ್ಧನ ಪಟ ಅಲಮಾರಿಯೊಳಗೆ ಹೋಯಿತು. ಮಗಳ ಹೆಸರು ಸಣ್ಣದಾಗಿ ಬರೀ ಪಾಲಿ ಆಯಿತು.

ಮಗು ಬಾಯಿ ಬಿಟ್ಟರೇನು ಗತಿ ಎಂಬ ಹೆದರಿಕೆಗೆ ಮಾಸ್ತರರು ಒಂದು ಆಟ ಕಂಡುಹಿಡಿದರು. ಊಟವಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು, ಜನಾಬಾಯಿಯ ದನಿ ತೆಗೆದು, "ಏ ಹುಡುಗಿ, ಯಾವ ಮಂದಿ ನೀವು?" ಎನ್ನುವುದು. ಮಗಳು ಮಾತಾಡದೆ, ಮುಖ ನೋಡದೆ, ಗಲ್ಲ ಎದೆಗೆ ತಾಗುವ ಹಾಗೆ ತಲೆ ತಗ್ಗಿಸಿ ನಿಲ್ಲುವುದು. ಸರಿಯಾಗಿ ನಿಂತರೆ ಒಂದು ಪೆಪ್ಪರಮೆಂಟು. ಮಗುವಿಗೆ ಆ ಆಟವೆಂದರೆ ಪ್ರಾಣ. "ಪಪ್ಪಾ, ಇನ್ನೊಮ್ಮೆ ಕೇಳ್ರಿ" ಎಂದು ತಾನೇ ದುಂಬಾಲು ಬೀಳುತ್ತಿತ್ತು.

ಮನಿಷಾ ಉರಿದುಬಿದ್ದಳು. "ಕೂಸಿಗಿ ಏನ್ ಕಲಸ್ಲತ್ತೀರಿ ನೀವು? ನಿಮಗ ಖಬರ್ ಅದನೋ ಇಲ್ಲೋ?"

"ಎರಡ ವರ್ಷ ತಡೀ. ಸ್ವಂತ ಮನಿ ಕಟ್ಟೇನಿ ಅಂದ್ರ ಈ ಕಿರಿಕಿರಿನೇ ಇರಂಗಿಲ್ಲ."

ಸ್ವಂತ ಮನೆ ಏಳಲಿಲ್ಲ. ಮಗಳು ಎಂಟನೆಯ ತರಗತಿಗೆ ಬಂದಳು, ಅಪ್ಪನ ಶಾಲೆಗೇ ಸೇರಿದಳು. ಪೆಪ್ಪರಮೆಂಟಿನ ಆಟ ಎಂದೋ ನಿಂತಿತ್ತು, ಬೇಕಾಗಿಯೂ ಇರಲಿಲ್ಲ. ಹೊಟ್ಟೆ ಉರಿಯುವ ಮಾತು ಏನೆಂದರೆ, ಇಷ್ಟು ವರ್ಷದಲ್ಲಿ ಜನಾಬಾಯಿ ಆ ಪ್ರಶ್ನೆ ಕೇಳಲೇ ಇಲ್ಲ. ಗೊತ್ತಿದ್ದು ಸುಮ್ಮನಿದ್ದಳೋ, ಗೊತ್ತೇ ಇರಲಿಲ್ಲವೋ, ಆ ಮುದುಕಿಗೇ ಗೊತ್ತು. ಪಾಲಿಯನ್ನು ಕಂಡರೆ ಅವಳಿಗೆ ಅಕ್ಕರೆ, ಪಾಲಿಯೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದಳು. "ಮಾಸ್ತರ, ನಿಮ್ಮ ಹುಡುಗಿ ನೆಲ ಬಿಟ್ಟು ಮ್ಯಾಲ ನೋಡಂಗಿಲ್ಲ. ಎಂಥಾ ಸಂಸ್ಕಾರ!" ಎಂದು ಓಣಿಗೆಲ್ಲ ಸಾರುತ್ತಿದ್ದಳು. ಹಾಗೆಂದಾಗ ಮಾಸ್ತರರಿಗೆ ಹಿತವೆನಿಸುತ್ತಿತ್ತು. ಹೌದು, ಸುಳ್ಳೇಕೆ ಹೇಳಲಿ, ಹಿತವೇ ಎನಿಸುತ್ತಿತ್ತು.

ಹೀಗಿರುವಾಗ ಬೀದರಿನಲ್ಲಿ ಶಾಲಾ ಮಕ್ಕಳ ನಾಟಕ ಸ್ಪರ್ಧೆ ಬಂತು. ಮಾಸ್ತರರು ತಮ್ಮ ಹಳೆಯ ಹುಚ್ಚನ್ನೆಲ್ಲ ಬಸಿದು 'ಗಂಟೆ ಪಟ್ಟಣ' ಎಂಬ ನಾಟಕ ಬರೆದರು. ಆ ಪಟ್ಟಣದಲ್ಲಿ ಮಕ್ಕಳನ್ನು ಕಾರ್ಖಾನೆಯಲ್ಲೇ ಬೇರೆ ಮಾಡುತ್ತಾರೆ, ಕೆಲವರು ಎತ್ತರದವರು, ಉಳಿದವರು ನೆಲದವರು. ಗಂಟೆ ಬಾರಿಸಿದರೆ ನೆಲದ ಮಕ್ಕಳು ತಲೆ ತಗ್ಗಿಸಬೇಕು. ತಗ್ಗಿಸಿದವರ ಅಂಗೈಗೆ ಒಂದು ಚೂರು ಬೆಲ್ಲ. ವರ್ಷ ಕಳೆದಂತೆ ಬೆಲ್ಲ ನಿಲ್ಲುತ್ತದೆ, ತಲೆ ಮಾತ್ರ ತಗ್ಗುತ್ತಲೇ ಇರುತ್ತದೆ. ಕೊನೆಯ ದೃಶ್ಯದಲ್ಲಿ ನೆಲದ ಹುಡುಗಿಯೊಬ್ಬಳು ಗಂಟೆ ಬಾರಿಸಿದರೂ ತಲೆ ಎತ್ತಿಯೇ ನಿಲ್ಲುತ್ತಾಳೆ. ಅಲ್ಲಿಗೆ ಪಟ್ಟಣ ಅಲುಗಾಡುತ್ತದೆ.

ಮನಿಷಾ ಡ್ಯೂಟಿ ಮುಗಿಸಿ ಬಂದವಳು ಅದನ್ನು ಪೂರಾ ಓದಿ, ಗಂಡನ ಮುಖವನ್ನೇ ನೋಡಿದಳು.

"ಈ ಬೆಲ್ಲ ಎಲ್ಲಿಂದ ತಂದ್ರಿ?"

"ಎಲ್ಲಿಂದ ಅಂದ್ರ? ಕಲ್ಪನಾ."

"ಕಲ್ಪನಾ ಅಂತ, ಕಲ್ಪನಾ! ಅಕಿ ಒಳಗ ಕೂತಾಳ, ನಿಮ್ಮ ಕಲ್ಪನಾ. ಹೋಗಿ ನೋಡ್ರಿ."

ಮಾಸ್ತರರು ಎದ್ದು ಹೋಗಿ ಇಣುಕಿದರು. ಒಳಕೋಣೆಯಲ್ಲಿ ಮಗಳು ಓದುತ್ತ ಕೂತಿದ್ದಳು. ಹೊರಗೆ ಅಂಗಳದಲ್ಲಿ ಜನಾಬಾಯಿ ಕೆಮ್ಮಿದ್ದೇ ತಡ, ಯಾರೂ ನೋಡುತ್ತಿರದಿದ್ದರೂ ಅವಳ ತಲೆ ಒಂದಿಷ್ಟು ಕೆಳಗೆ ಜಾರಿತು. ಲೋಕದ ಪಟ್ಟಣಗಳನ್ನೆಲ್ಲ ಓದಿ ತಿಳಿದವರಿಗೆ ಎಂಟು ವರ್ಷ ಕಣ್ಣೆದುರಿಗಿದ್ದದ್ದು ಕಂಡಿರಲಿಲ್ಲ. ಎಂಥ ಕುರುಡು ಇದು, ಹೇಳಿ!

ಆ ಕ್ಷಣವೇ ನಿಶ್ಚಯ ಮಾಡಿದರು. ತಲೆ ಎತ್ತುವ ಹುಡುಗಿಯ ಪಾತ್ರ ಆಮ್ರಪಾಲಿಗೇ. ಬೀದರಿನ ರಂಗಮಂದಿರದ ಬೆಳಕಿನಲ್ಲಿ, ಜನರೆದುರು ಅವಳು ಒಂದೇ ಒಂದು ಸಲ ತಲೆ ಎತ್ತಿ ನಿಂತರೆ, ತಾವು ಹಾಕಿದ ಗಂಟು ಬಿಚ್ಚಿದಂತೆ. ಆಮೇಲೆ ಆ ಮನೆಯೂ ಬೇಡ, ಮುಚ್ಚುಮರೆಯೂ ಬೇಡ. ಇಷ್ಟನ್ನು ಮನಿಷಾಳಿಗೆ ಹೇಳಿದರು. ಅವಳು "ಆಗಲಿ, ಅಷ್ಟರೆ ಆಗಲಿ" ಎಂದು ಕಣ್ಣು ಒರೆಸಿಕೊಂಡಳು.

ತಾಲೀಮು ಸೊಗಸಾಗಿ ನಡೆಯಿತು. ಖಾಲಿ ತರಗತಿಯಲ್ಲಿ ಮಾಸ್ತರರೇ ಗಂಟೆ ಬಾರಿಸುವರು, ಆಮ್ರಪಾಲಿ ಕತ್ತು ನೆಟ್ಟಗೆ ಮಾಡಿ ನಿಲ್ಲುವಳು. ವೇಷಭೂಷಣ ನೋಡಿಕೊಳ್ಳುತ್ತಿದ್ದ ದೇಬೋರಾ ಟೀಚರ್, "ಸರ್, ಈ ಹುಡುಗಿ ಕಣ್ಣು ಇಷ್ಟು ಛಂದ ಅವ ಅಂತ ನಾ ಇವತ್ತೇ ನೋಡ್ದೆ" ಎಂದರು. ಮಾಸ್ತರರು ಅಂದು ಮನೆಗೆ ಹಾಡು ಗುನುಗುತ್ತ ಹೋದರು.

ಸ್ಪರ್ಧೆಯ ಮುಂಜಾನೆ ಮಕ್ಕಳನ್ನು ಕ್ರೂಸರ್ ಗಾಡಿಗೆ ಹತ್ತಿಸುವಾಗ ಜನಾಬಾಯಿ ಹೊಸ ಇಳಕಲ್ ಸೀರೆಯುಟ್ಟು ಬಂದು ನಿಂತಳು. "ನಮ್ಮ ಪಾಲಿ ನಾಟಕ ಅಂದ್ರ ನಾ ನೋಡಬಾರದೇನು?" ಎಂದಳು. ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ? ಮನಿಷಾಳಿಗೆ ರಜೆ ಸಿಕ್ಕಿರಲಿಲ್ಲ. ಅವಳಿಗಾಗಿ ಇಟ್ಟಿದ್ದ ಸೀಟಿನಲ್ಲಿ ಜನಾಬಾಯಿ ಕೂತಳು. ರಂಗಮಂದಿರದಲ್ಲೂ ಮುಂದಿನ ಸಾಲಿನಲ್ಲೇ ಕೂತಳು.

ನಾಟಕ ವೇದಿಕೆ ಏರಿತು. ಮಕ್ಕಳು ಎಲ್ಲೂ ತಪ್ಪಲಿಲ್ಲ. ಕೊನೆಯ ದೃಶ್ಯಕ್ಕೆ ಮಾಸ್ತರರು ಪರದೆಯ ಮಗ್ಗುಲಲ್ಲಿ ಗಂಟೆ ಹಿಡಿದು ನಿಂತರು. ವೇದಿಕೆಯ ನಡುವೆ ಮಗಳು ಒಬ್ಬಳೇ, ಮುಖದ ತುಂಬ ಬೆಳಕು. ಸಭೆ ಗಪ್‌ಚುಪ್ಪು. ಆಗ ಜನಾಬಾಯಿ ಪಕ್ಕದವಳಿಗೆ, ತನ್ನ ಮಟ್ಟಿಗೆ ಮೆಲ್ಲಗೆ, ಉಳಿದವರಿಗೆಲ್ಲ ಕೇಳುವಂತೆ ಹೇಳಿದಳು. "ಅಕಿ ನೋಡ್ರಿ, ನಮ್ಮ ಬಾಡಿಗಿ ಮನಿ ಹುಡುಗಿ. ಭಾಳ ತಗ್ಗಿ ಬಗ್ಗಿ ನಡೀತಾಳ."

ಮಾಸ್ತರರು ಗಂಟೆ ಬಾರಿಸಿದರು.

ಆಮ್ರಪಾಲಿ ಮುಂದಿನ ಸಾಲು ನೋಡಿದಳು. ಅವಳ ತಲೆ ತಗ್ಗಿತು.

'ಎತ್ತವ್ವಾ, ಎತ್ತು' ಎಂದು ಮಾಸ್ತರರ ಜೀವ ಒಳಗೊಳಗೇ ಚೀರಿತು. ಮರೆತಳೇನೋ ಎಂದು ಮತ್ತೊಮ್ಮೆ ಬಾರಿಸಿದರು. ತಲೆ ಇನ್ನಷ್ಟು ತಗ್ಗಿ, ಗಲ್ಲ ಎದೆಗೆ ತಾಗಿತು. ಗಂಟೆ ಕೆಳಗಿಡಲು ಹೋದರೆ ಅದು ತಾನೇ ಮತ್ತೆ ಸದ್ದು ಮಾಡಿತು. ಮಗಳು ಮೊಣಕಾಲೂರಿಬಿಟ್ಟಳು. ಯಾರೋ ಪರದೆ ಎಳೆದರು.

ಆಮೇಲೆ ಚಪ್ಪಾಳೆ, ಎಂಥ ಚಪ್ಪಾಳೆ! ಮೊದಲ ಬಹುಮಾನ ಗಂಟೆ ಪಟ್ಟಣಕ್ಕೆ, ಅತ್ಯುತ್ತಮ ನಟಿ ಆಮ್ರಪಾಲಿ. ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರು ಮೈಕು ಹಿಡಿದು ಉಬ್ಬಿಹೋಗಿದ್ದರು. "ಎಲ್ಲರೂ ಕೊನೆಗೆ ಬಂಡಾಯ ತೋರಿಸ್ತಾರೆ. ಇವರು ತೋರಿಸಲಿಲ್ಲ. ಆ ಮಗು ಏಳೋದೇ ಇಲ್ಲ! ಇಂಥ ಅಂತ್ಯ ಬರೆಯೋಕೆ ಧೈರ್ಯ ಬೇಕು." ಆಮೇಲೆ ಹುಡುಗಿಯ ಕಡೆ ಬಾಗಿ ಕೇಳಿದರು. "ತಲೆ ತಗ್ಗಿಸೋದನ್ನ ಇಷ್ಟು ಸಹಜವಾಗಿ ನಿಂಗೆ ಯಾರಮ್ಮ ಕಲಿಸಿದ್ದು?"

"ನಮ್ಮ ಪಪ್ಪಾ ಕಲಿಸ್ಯಾರ್ರಿ."

ಸಭೆಯೆಲ್ಲ ಎದ್ದು ಮಾಸ್ತರರಿಗೆ ಚಪ್ಪಾಳೆ ತಟ್ಟಿತು. ಅವರಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಶಾಲು ಹೊದಿಸಿಕೊಂಡರು, ಕೈ ಮುಗಿದರು, ಹೇಗೋ ಕೆಳಗಿಳಿದು ಬಂದರು.

ಮಗಳನ್ನು ಕರೆದುಕೊಂಡು ರಂಗಮಂದಿರದ ಹಿಂದೆ ಹೋದರು. ಅಲ್ಲಿ ಸೈಕಲ್ ಸ್ಟ್ಯಾಂಡಿನ ಹತ್ತಿರ ಯಾರೂ ಇರಲಿಲ್ಲ.

"ಯಾಕವ್ವಾ? ಸಾಲ್ಯಾಗ ಬರಾಬರ್ ಮಾಡ್ತಿದ್ದಿ."

"ಎತ್ತಬೇಕಂತೇ ನಿಂತಿದ್ದೆನ್ರಿ ಪಪ್ಪಾ. ಆಯಿ ಕಂಡಳು. ಕುತಗಿ ತಾನೇ ಬಗ್ಗಿತು." ಆಮೇಲೆ ಅಪ್ಪನ ಮುಖ ನೋಡಿ, "ಆದ್ರೂ ಫಸ್ಟ್ ಬಂತಲ್ರಿ?" ಎಂದಳು.

ಮಾಸ್ತರರಿಗೆ ತಡೆಯಲಾಗಲಿಲ್ಲ. ಶಾಲಿನಲ್ಲಿ ಮುಖ ಮುಚ್ಚಿಕೊಂಡು, ನಡುಹಗಲಲ್ಲಿ, ಸಣ್ಣ ಮಕ್ಕಳಂತೆ ಬಿಕ್ಕಿಬಿಕ್ಕಿ ಅತ್ತರು. "ನಂದು ತಪ್ಪಾಯ್ತವ್ವಾ, ನಂದು ತಪ್ಪಾಯ್ತು" ಎಂದರು. ಅಪ್ಪ ಅಳುವುದನ್ನು ಅವಳು ಎಂದೂ ಕಂಡಿರಲಿಲ್ಲ, ಗಾಬರಿಯಾದಳು. ಯಾಕೆ ಅಳುತ್ತಿದ್ದಾರೆ ಎಂದು ತನ್ನಷ್ಟಕ್ಕೆ ಯೋಚಿಸಿದಳು, ತಿಳಿದವಳಂತೆ ಆ ಕಡೆ ಈ ಕಡೆ ನೋಡಿದಳು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಪ್ಪನ ಕಿವಿಯ ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದಳು.

"ಅಂಜಬ್ಯಾಡ್ರಿ ಪಪ್ಪಾ. ಆಯಿಗಿ ಏನೂ ಗೊತ್ತಾಗಿಲ್ಲ. ನಾ ಯಾರ ಮುಂದೂ ಹೇಳಂಗಿಲ್ಲ."