ಚೀಟಿ ತಂದವಳ ಅಳತೆ

ಹೊಸ ಕ್ಯಾಲೆಂಡರಿಗೆ ಒಂದು ಮೊಳೆ ಬೇಕಾಗಿತ್ತು. ನಡುಮನೆಯ ಗೋಡೆಯಲ್ಲಿ ಇದ್ದದ್ದು ಒಂದೇ ಮೊಳೆ, ಅದರಲ್ಲಿ ನಾಲ್ಕು ವರ್ಷದಿಂದ ಬಾಣ ಬಿಡುವ ಗಿಡ್ಡ ಬಿಲ್ಲು ನೇತಾಡುತ್ತಿತ್ತು. ಇಳಿಸಿದೆ. ಹಿಡಿಗೆ ಸುತ್ತಿದ್ದ ಚರ್ಮ ಒಂದು ಕಡೆ ಬಿಟ್ಟುಕೊಂಡಿತ್ತು. ಒತ್ತಿ ಕೂರಿಸೋಣವೆಂದು ಮುಖದ ಹತ್ತಿರ ತಂದರೆ ಹರಳೆಣ್ಣೆಯ ಕಮಟು ವಾಸನೆ. ನಾನು ಬಿಲ್ಲಿಗೆ ಎಣ್ಣೆ ಹಚ್ಚಿದವನಲ್ಲ. ತಲೆಗೂ ಹಚ್ಚಿದವನಲ್ಲ, ಹಚ್ಚುವುದಕ್ಕೆ ಅಲ್ಲಿ ಏನೂ ಉಳಿದಿಲ್ಲ. ಈ ಮನೆಯಲ್ಲಿ ಹರಳೆಣ್ಣೆ ಎಂದರೆ ನಮ್ಮಕ್ಕ. ಶನಿವಾರ ಶನಿವಾರ ಅಂಗೈ ತುಂಬ ಸುರಿದುಕೊಂಡು ನೆತ್ತಿಗೆ ತಟ್ಟಿಕೊಳ್ಳುತ್ತಿದ್ದಳು. ಅವಳು ಮುಟ್ಟಿದ ತಪ್ಪಲೆ, ಬಾಗಿಲ ಚಿಲಕ, ಪಂಚಾಂಗ ಎಲ್ಲಕ್ಕೂ ಭಾನುವಾರದ ತನಕ ಅದೇ ವಾಸನೆ.

ಅಕ್ಕನ ಎಣ್ಣೆ ಬಿಲ್ಲಿಗೆ ಹೇಗೆ ಬಂತು? ಬಿಲ್ಲು ಬಂದ ದಿನವೇ ಗೋಡೆಗೆ ಏರಿಸಿದವನು ನಾನು. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ ಎಂದೇ ನನ್ನ ನಂಬಿಕೆ.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ಕಡೂರಿನ ಸ್ಟೇಷನ್ನಿನ ಹಿಂದೆ ನಮ್ಮ ಮನೆ. ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಪ್ರೈಮರಿ ಸ್ಕೂಲಿನ ಮೇಡಂ ಆಗಿದ್ದವಳು. ನಾನು ಸರ್ವೆ ಇಲಾಖೆಯವನು, ಊರವರ ಜಮೀನಿನ ಮೋಜಣಿ ಮಾಡಿಕೊಂಡೇ ತಲೆ ಬೋಳಾಯಿತು. ಇಬ್ಬರಿಗೂ ಮದುವೆ ಆಗಲಿಲ್ಲ. ನನಗೇಕೆ ಆಗಲಿಲ್ಲ ಎಂದು ಕೇಳಿದವರಿಗೆ ಇಲಾಖೆಯ ಅಲೆದಾಟದ ಮೇಲೆ ಹಾಕುತ್ತಿದ್ದೆ. ಅವಳಿಗೇಕೆ ಆಗಲಿಲ್ಲ ಎಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಮುದ್ದೆ, ಸಂಜೆ ರೇಡಿಯೋ. ಹೀಗೇ ಒಂದು ಆಯುಸ್ಸು ಸವೆದುಹೋಗುತ್ತದೆ ಎಂದು ತಿಳಿದಿದ್ದೆ.

ರಿಟೈರ್ ಆದ ಮೇಲೆ ನನಗೆ ಬಿಲ್ಲಿನ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಯಾವನೋ ಮುದುಕ ನಿರಾಳವಾಗಿ ನಿಂತು ಬಾಣ ಬಿಡುವುದನ್ನು ನೋಡಿದೆ, ಅಷ್ಟೇ. ಒಂದು ತಿಂಗಳೊಳಗೆ ಕೊರಿಯರಿನಲ್ಲಿ ಅರವತ್ತೆಂಟು ಇಂಚಿನ ಬಿಲ್ಲು ಬಂತು, ನನಗಿಂತ ಎರಡು ಇಂಚು ಎತ್ತರ. ಹಿತ್ತಲಿನ ಆ ತುದಿಗೆ ತೆಂಗಿನ ನಾರು ತುಂಬಿದ ಗೋಣಿಚೀಲ ಇಟ್ಟೆ. ಈ ತುದಿಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಾನು. ತಲೆಯ ಮೇಲೆ ತಗಡಿನ ಶೀಟು. ಪ್ರತಿ ಸಲ ಬಿಲ್ಲು ಎತ್ತಿದಾಗಲೂ ಮೇಲಿನ ತುದಿ ಶೀಟಿಗೆ ಬಡಿದು ಢಣ್ ಎನ್ನುತ್ತಿತ್ತು. ಒಳಗಿನಿಂದ ಅಕ್ಕ, ಯಾರು ಬಂದ್ರೋ ನೋಡೋ, ಎನ್ನುತ್ತಿದ್ದಳು. ನಮ್ಮ ಮನೆಗೆ ಯಾರು ಬರುತ್ತಾರೆ, ಪಾಪ. ಆದರೂ ಪ್ರತಿ ಸಲ ಕೇಳುತ್ತಿದ್ದಳು.

ಸರಿ, ಗಿಡ್ಡ ಬಿಲ್ಲೇ ಬೇಕೆಂದು ತೀರ್ಮಾನವಾಯಿತು. ಗಿಡ್ಡ ಬಿಲ್ಲು ಎಂದರೆ ಉದ್ದ ಬಿಲ್ಲನ್ನು ಕೊಯ್ದು ಚಿಕ್ಕದು ಮಾಡುವುದಲ್ಲ. ಮಧ್ಯೆ ಕೈ ಹಿಡಿಯುವ ಗಟ್ಟಿ ಮರದ ತುಂಡು, ಇಂಗ್ಲಿಷಿನವರ ರೈಸರ್. ಅದು ಮಣಿಯುವುದಿಲ್ಲ. ಅದರ ಮೇಲೊಂದು ಕೆಳಗೊಂದು ರೆಕ್ಕೆ, ಮಣಿಯುವುದು ಅವೇ. ಹಿಡಿ ಉದ್ದವಾದರೆ ಬಿಲ್ಲಿಗೆ ತೂಕ, ಕೈ ನಡುಗುವುದಿಲ್ಲ. ಆದರೆ ಒಟ್ಟು ಉದ್ದ ಅಷ್ಟೇ ಇರಬೇಕಾದರೆ ರೆಕ್ಕೆ ಗಿಡ್ಡವಾಗುತ್ತದೆ. ಗಿಡ್ಡ ರೆಕ್ಕೆ ಸ್ವಲ್ಪ ದೂರ ಸಲೀಸಾಗಿ ಬಂದು ಆಮೇಲೆ ಮೊಂಡು ಬೀಳುತ್ತದೆ, ಹೆದೆ ಬೆರಳನ್ನು ಹಿಂಡುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಎಳೆಯುವವನ ಕೈ ಎಷ್ಟು ದೂರ ಹೋಗುತ್ತದೆ ಎಂದು ಗೊತ್ತಿರಬೇಕು. ಎರಡೂ ಕೈ ಅಗಲಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸಬೇಕು. ಅದು ಎಳೆತ.

ಟೇಪಿನ ಒಂದು ತುದಿ ಹಿಡಿದವಳು ಅಕ್ಕ. ನಡುಮನೆಯಲ್ಲಿ ನಾನು ಕೈ ಚಾಚಿ ಬೆರ್ಚಪ್ಪನ ಹಾಗೆ ನಿಂತಿದ್ದೆ. ನನ್ನ ಎಳೆತ ಇಪ್ಪತ್ತೇಳು ಇಂಚು ಬಂತು. ಬರೆದುಕೊಳ್ಳುತ್ತಿದ್ದಾಗ ಅವಳು ಟೇಪನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.

“ನಂದೆಷ್ಟು ಬರುತ್ತೋ, ನೋಡೋ,” ಅಂದಳು.

“ನಿಂದ್ಯಾಕೆ? ಟೇಪು ಸುತ್ತಿಡು,” ಅಂದೆ.

ಸುತ್ತಿಟ್ಟಳು. ಇಡೀ ತಾಲೂಕಿನ ಹೊಲ, ಕಣ, ಬದು, ಖರಾಬು ಅಳೆದು ಬಂದವನು ನಾನು. ಟೇಪು ಕೈಯಲ್ಲೇ ಇತ್ತು. ಅರ್ಧ ನಿಮಿಷದ ಕೆಲಸ.

ಅಜ್ಜಂಪುರದಲ್ಲಿ ಮೌನೇಶಾಚಾರ್ರು ಎಂದು ಒಬ್ಬರಿದ್ದಾರೆ. ನೊಗ ಮಾಡುವ ಮನೆತನ. ಟ್ರ್ಯಾಕ್ಟರು ಬಂದ ಮೇಲೆ ನೊಗ ಕೇಳುವವರಿಲ್ಲದೆ ಬಾಗಿಲು ಕಿಟಕಿಗೆ ಇಳಿದವರು. ಸ್ಪೋರ್ಟ್ಸಿನ ಹುಡುಗರ ಮುರಿದ ಬಿಲ್ಲು ರಿಪೇರಿ ಮಾಡಿ ಮಾಡಿ, ಕೊನೆಗೆ ತಾವೇ ಹುಣಸೆ ಮರದ ಗಟ್ಟಿ ತಿರುಳಾದ ಚೇಗಿನಲ್ಲಿ ಹಿಡಿ ಕೆತ್ತಿ, ಬಿದಿರಿನ ಸೀಳನ್ನು ಫೈಬರ್ ಹಾಳೆಯ ಜೊತೆ ಅಂಟಿಸಿ ರೆಕ್ಕೆ ಮಾಡುವುದನ್ನು ಕಲಿತಿದ್ದರು. ರೆಕ್ಕೆಗಳನ್ನು ಹಿಡಿಗೆ ಬೋಲ್ಟು ಹಾಕಿ ಕೂರಿಸುತ್ತಾರೆ, ಬೇಕಾದಾಗ ಬಿಚ್ಚಬಹುದು. ಫೋನಿನಲ್ಲಿ ಮಾತಾಡಿದೆ. ನನ್ನ ಲೆಕ್ಕ ಹಿಡಿ ಹದಿನೆಂಟು, ರೆಕ್ಕೆ ತಲಾ ಇಪ್ಪತ್ತು, ಒಟ್ಟು ಐವತ್ತೆಂಟು ಎಂದಾಗ ಅವರು ಹಿಡಿ ಅಷ್ಟುದ್ದ ಯಾಕೆ ಎಂದು ತಕರಾರು ತೆಗೆದರು. “ಹಿಡಿ ಮಣಿಯಲ್ಲ ಸಾರ್. ಮಣಿಯೋದಕ್ಕೆ ಜಾಗ ಬಿಡಿ,” ಅಂದರು. ನನಗೆ ಸಿಟ್ಟು ಬಂತು. ಅಳತೆಯ ವಿಷಯದಲ್ಲಿ ನನಗೆ ಯಾರಾದರೂ ಬುದ್ಧಿ ಹೇಳಿದರೆ ಇವತ್ತಿಗೂ ಬರುತ್ತದೆ.

ಹೋಗಿ ಬರಬೇಕೆಂದಿದ್ದ ದಿನ ಚೌಳಹಿರಿಯೂರಿನಲ್ಲಿ ಒಂದು ಬದುವಿನ ಜಗಳ. ಅಣ್ಣ ತಮ್ಮ ಇಬ್ಬರೂ, ಹಳೇ ಸರ್ವೆಯವರು ಬಂದು ಹೇಳಿದರೆ ಒಪ್ಪುತ್ತೇವೆ ಎಂದು ಕಾರು ಕಳಿಸಿದ್ದರು. ಅಕ್ಕ ಆವತ್ತೇ ಅಜ್ಜಂಪುರದಲ್ಲಿ ತನ್ನ ಹಳೇ ಗೆಳತಿಯ ಮನೆಗೆ ಹೊರಟಿದ್ದಳು. ಅವಳ ಕೈಯಲ್ಲಿ ಚೀಟಿ ಕೊಟ್ಟೆ. ನಕ್ಷೆ, ಉದ್ದ, ಅಗಲ, ಎಳೆತ, ಎಲ್ಲ ಇತ್ತು. ಜಮೀನಿನ ಪತ್ರದಲ್ಲಿ ಬರೆಯುವ ನಾಲ್ಕು ದಿಕ್ಕಿನ ಚೆಕ್ಕುಬಂದಿ ಒಂದು ಬರೆದಿರಲಿಲ್ಲ.

ಎರಡು ತಿಂಗಳಾದ ಮೇಲೆ ಬಸ್ಸಿನಲ್ಲಿ, ಗೋಣಿಪಟ್ಟೆ ಸುತ್ತಿಕೊಂಡು ಬಿಲ್ಲು ಬಂತು. ಬಿಚ್ಚಿ ಅಳೆದೆ. ಹಿಡಿ ಹದಿನಾಲ್ಕು, ರೆಕ್ಕೆ ತಲಾ ಹತ್ತೊಂಬತ್ತು. ಹಿತ್ತಲಿಗೆ ಹೋಗಿ ಎಳೆದೆ. ಇಪ್ಪತ್ನಾಲ್ಕು ಇಂಚಿನ ತನಕ ಬೆಣ್ಣೆಯ ಹಾಗೆ ಬಂತು, ಆಮೇಲೆ ಜಪ್ಪಯ್ಯ ಅಂದರೂ ಬರಲಿಲ್ಲ. ಹೆದೆಯ ಮೂಲೆಗೆ ಸಿಕ್ಕಿ ಬೆರಳು ಕೆಂಪಾಯಿತು. ಆಚಾರ್ರಿಗೆ ಫೋನು ಹಚ್ಚಿ ಬಾಯಿಗೆ ಬಂದದ್ದು ಅಂದೆ. ಅವರು, ಚೀಟಿಯ ಅಳತೆಗೆ ನಾನು ಕೆಲಸ ಮಾಡುವುದಿಲ್ಲ ಸಾರ್, ಎತ್ತಿನ ಹೆಗಲು ನೋಡದೆ ನಮ್ಮಪ್ಪ ನೊಗ ಮಾಡಿದವರಲ್ಲ, ಎದುರಿಗೆ ನಿಂತವರ ಕೈ ಅಳೆದೇ ಮಾಡುವುದು ಎಂದರು. ಎದುರಿಗೆ ನಿಂತಿದ್ದವಳು ಯಾರು? ನಮ್ಮಕ್ಕ. ಅಲ್ಲಿಗೆ ನನಗೆ ಎಲ್ಲ ಅರ್ಥವಾಗಿಬಿಟ್ಟಿತು. ಅವರು ಇನ್ನೂ ಏನೋ ಹೇಳುತ್ತಿದ್ದರು, ಫೋನಿಟ್ಟೆ. ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ನೋಡೇ ಅಕ್ಕ, ಈ ಮಹಾನುಭಾವ ಚೀಟಿ ಓದೋದು ಬಿಟ್ಟು ಚೀಟಿ ತಂದೋಳ ಕೈ ಅಳೆದಿದ್ದಾನೆ, ಅಂದೆ.

ಅಕ್ಕ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಅವಳೂ ಸ್ವಲ್ಪ ನಕ್ಕಳು. ಹಾಲು ಉಕ್ಕುತ್ತೆ ಅಂತ ಒಳಗೆ ಹೋದಳು.

ಆ ಕತೆಯನ್ನು ನಾನು ಎಲ್ಲೆಲ್ಲಿ ಹೇಳಿಲ್ಲ! ಕೊಬ್ಬರಿ ಮಂಡಿಯ ಎದುರಿನ ಟೀ ಅಂಗಡಿಯಲ್ಲಿ, ಪೆನ್ಷನ್‌ದಾರರ ಸಭೆಯಲ್ಲಿ, ಬೀರೂರಿನ ಕ್ಷೌರದಂಗಡಿಯಲ್ಲಿ. ಜನ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದರು.

ನಾಲ್ಕು ತಿಂಗಳ ನಂತರ ಒಂದು ಸಂಜೆ ಅಕ್ಕ ರೇಡಿಯೋ ಆರಿಸಿ, ತಾನು ಮದುವೆಯಾಗುತ್ತಿದ್ದೇನೆ ಎಂದಳು. ಅವಳಿಗೆ ಆಗ ಅರವತ್ತಮೂರು. ಗಂಡು ತರೀಕೆರೆಯಲ್ಲಿ ಕಾಫಿಪುಡಿ ಅಂಗಡಿ ಇಟ್ಟಿದ್ದವರು, ಹೆಂಡತಿ ಹೋಗಿ ಬಹಳ ವರ್ಷವಾಗಿತ್ತು. ನನ್ನ ಬಾಯಿಂದ ಬಂದ ಮಾತು ಕೇಳಿ: “ಈ ವಯಸ್ಸಲ್ಲಿ ಇದೇನೇ ನಿನ್ನ ಹುಡುಗಾಟ? ಜನ ಏನಂತಾರೆ?” ಅವಳು ಜಗಳವಾಡಲಿಲ್ಲ. ಅವರು ಮೊದಲ ಸಲ ಮಾತಾಡಿದಾಗ, ನಿಮಗೆ ಏನಿಷ್ಟ ಅಂತ ಕೇಳಿದ್ರು ಕಣೋ, ಅಂದಳು, ಅಷ್ಟೇ. ಮಠದಲ್ಲಿ ಹತ್ತು ಜನರ ಮದುವೆ. ಹೋದೆ, ಮುಖ ಗಂಟು ಹಾಕಿಕೊಂಡೇ ಉಂಡೆ, ಬಂದೆ. ಆಮೇಲೆ ತರೀಕೆರೆಗೆ ಕಾಲಿಟ್ಟಿಲ್ಲ. ಹಬ್ಬಕ್ಕೆ ಅವಳೇ ಫೋನು ಮಾಡುತ್ತಿದ್ದಳು, ನಾನು ಹೂಂ, ಉಹೂಂ ಎಂದು ಮುಗಿಸುತ್ತಿದ್ದೆ. ಕಳೆದ ಎರಡು ದೀಪಾವಳಿಯಿಂದ ಅದೂ ನಿಂತಿದೆ.

ಒಬ್ಬನೇ ಇರುವವನ ಮನೆ ಹೇಗಿರುತ್ತದೆ ಎಂದು ನಿಮಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾಗುವುದೂ ಬೇಡ. ಅನ್ನ ಯಾವಾಗಲೂ ಮಿಗುತ್ತದೆ. ಉದ್ದದ ಬಿಲ್ಲು ಶೀಟಿಗೆ ಬಡಿದು ಢಣ್ ಎಂದರೆ, ಯಾರು ಬಂದ್ರೋ ಎಂದು ಕೇಳುವವರಿಲ್ಲ. ಒಂದು ದಿನ ನಾನೇ ಗಟ್ಟಿಯಾಗಿ, ಯಾರೂ ಇಲ್ಲ, ಅಂದುಕೊಂಡೆ. ಆವತ್ತಿನಿಂದ ಬಾಣ ಬಿಡುವುದನ್ನೂ ನಿಲ್ಲಿಸಿದೆ.

ಮೊನ್ನೆ ಬಿಟ್ಟುಕೊಂಡ ಆ ಚರ್ಮವನ್ನು ಪೂರ್ತಿ ಬಿಚ್ಚಿದೆ. ಕೆಳಗೆ ಹುಣಸೆ ಮರದ ಮೇಲೆ ಆಚಾರ್ರ ಪೆನ್ಸಿಲ್ ಬರಹ: ‘ಗಿರಿಜಮ್ಮನವರ ಬಿಲ್ಲು. ಎಳೆತ ೨೪.’ ಅದರ ಕೆಳಗೆ, ‘ಸಾರ್‌ದು ಆಮೇಲೆ.’

ಗಿರಿಜಮ್ಮ ನಮ್ಮಕ್ಕನ ಹೆಸರು. ಕೂತಲ್ಲೇ ಆಚಾರ್ರಿಗೆ ಫೋನು ಮಾಡಿದೆ. ಅವರಿಗೆ ಎಲ್ಲ ನೆನಪಿತ್ತು. ಚೀಟಿ ಬೇಡ, ಎಳೆಯುವವರು ಬರಲಿ ಎಂದು ಅವರು ಹೇಳಿದರಂತೆ. ಅಕ್ಕ, ಎಳೆಯೋಳು ನಾನೇ ಅಂತ ಬರ್ಕಳಿ, ಅಂದಳಂತೆ. ಎರಡೂ ಕೈ ಅಗಲಿಸಿ ನಿಂತಳಂತೆ. ತಮ್ಮನಿಗೆ ಹೇಳಬೇಡಿ, ಅವನು ಕೇಳಿದಾಗ ನಾನೇ ಹೇಳುತ್ತೇನೆ ಎಂದಳಂತೆ.

“ನೀವು ಕೇಳ್ಲೇ ಇಲ್ವಾ ಸಾರ್?” ಅಂದರು ಆಚಾರ್ರು.

ನಾಲ್ಕು ವರ್ಷ ಊರಿಗೆಲ್ಲ ಹೇಳಿ ನಗಿಸಿದ ಕತೆಯಲ್ಲಿ ಪೆದ್ದ ಯಾರು ಎಂದು ಆಗ ತಿಳಿಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಹಿತ್ತಲ ಬಾಗಿಲಲ್ಲಿ ಅವಳು ಕೈ ಒರೆಸಿಕೊಂಡು ಕಾಯುತ್ತಿದ್ದದ್ದು ಏನನ್ನು ಎಂದು ಹೊಳೆದು ಕಣ್ಣು ಮಂಜಾಯಿತು.

ಮಾರನೆಯ ದಿನ ಬಿಲ್ಲು ಕಟ್ಟಿಕೊಂಡು ತರೀಕೆರೆಯ ರೈಲು ಹತ್ತಿದೆ. ಅಬ್ಬಬ್ಬಾ ಅಂದರೆ ಒಂದು ಗಂಟೆಯ ದಾರಿ. ಈ ಒಂದು ಗಂಟೆಗೆ ನಾನು ನಾಲ್ಕು ವರ್ಷ ತೆಗೆದುಕೊಂಡಿದ್ದೆ. ಬಾಗಿಲು ತೆಗೆದವರು ಭಾವ. ಬಾ ಎಂದು ಕೈ ಹಿಡಿದು ಒಳಗೆ ಕರೆದು, ಒಂದು ಮಾತೂ ಕೇಳದೆ ಕಾಫಿಗೆ ನೀರಿಡಲು ಹೋದರು. ಅಕ್ಕ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಬಿಲ್ಲು ನೋಡಿದಳು, ನನ್ನನ್ನು ನೋಡಿದಳು.

“ಚರ್ಮ ಬಿಚ್ಚಿದ್ಯಾ?” ಅಂದಳು.

“ಬಿಚ್ಚಿದೆ.”

“ನಿಂಗೆ ಉದ್ದಂದು ಇತ್ತಲ್ಲೋ. ನಾನೂ ಪಕ್ಕದಲ್ಲಿ ನಿಂತ್ಕಂಡು ಬಿಡಾಣ ಅಂತ ಇತ್ತು. ನೀನು ನಕ್ಬಿಟ್ಟೆ.” ಸೊಪ್ಪಿನ ಕಡ್ಡಿ ಮುರಿದಳು. “ನೀನು ಪೇಟೆಗೆ ಹೋದಾಗ ಒಬ್ಳೇ ಬಿಡ್ತಿದ್ದೆ. ಚೆನ್ನಾಗಿತ್ತು ಕಣೋ.”

ತಪ್ಪಾಯಿತು ಎಂದು ನಾನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಬಿಲ್ಲನ್ನು ಅವಳ ಮಡಿಲಿನ ಮೇಲಿಟ್ಟೆ. ಎಡಗೈಯಲ್ಲಿ ಹಿಡಿದಳು, ಹಿಡಿ ಅವಳ ಅಂಗೈಗೆ ಹೇಳಿ ಮಾಡಿಸಿದ ಹಾಗೆ ಕೂತಿತು, ಮಾಡಿಸಿದ್ದೇ ಆಗಿತ್ತಲ್ಲ. ಬಲಗೈಯಲ್ಲಿ ಹೆದೆ ಎಳೆಯಲು ಹೋದಳು. ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಸಕ್ಕರೆ ಕಾಯಿಲೆ, ಭುಜ ಹಿಡಿದುಕೊಂಡು ವರ್ಷವಾಗಿದೆ ಎಂದು ಭಾವ ಅಡುಗೆಮನೆಯಿಂದಲೇ ಹೇಳಿದರು. ಆ ವಿಷಯವೂ ನನಗೆ ಗೊತ್ತಿರಲಿಲ್ಲ. ಅಕ್ಕ ಬಿಲ್ಲನ್ನು ವಾಪಸು ಕೊಟ್ಟಳು. ಇನ್ನೇನು ಮಾಡೋದು ಬಿಡು, ಅಂದಳು.

ನಾನು ಜೇಬಿನಿಂದ ಟೇಪು ತೆಗೆದೆ. ಟೇಪಿಲ್ಲದೆ ಹೊರಗೆ ಹೋಗುವ ಅಭ್ಯಾಸ ನನಗೆ ಇಲ್ಲ. ಹಿಡಿ ಅದೇ ಇರಲಿ, ಮೆತ್ತನೆಯ ರೆಕ್ಕೆ ಮಾಡಿಸೋಣ, ಬೋಲ್ಟು ಬಿಚ್ಚಿದರೆ ಆಯಿತು, ಎಷ್ಟು ಬರುತ್ತೋ ಅಷ್ಟೇ ಎಳೆದರೆ ಸಾಕು ಎಂದೆಲ್ಲ ಬಡಬಡಿಸಿದೆ. ಎರಡೂ ಕೈ ಅಗಲಿಸಲು ಅವಳಿಗೆ ಆಗುವುದಿಲ್ಲ. ಎಡಗೈ ಮುಂದೆ ಚಾಚಲು ಹೇಳಿ, ಬಲಗೈ ನೋವಿಲ್ಲದೆ ಎಲ್ಲಿಯ ತನಕ ಬರುತ್ತದೋ ಅಲ್ಲಿಯ ತನಕ ಟೇಪು ಹಿಡಿದೆ. ಹತ್ತೊಂಬತ್ತು. ಸರಿಯಾಗಿ ಹಿಡಿಯೋ, ಟೇಪು ಸಡಿಲ ಆಯ್ತು, ಅಂದಳು ಅಕ್ಕ. ಬಿಗಿ ಮಾಡಿ ಮತ್ತೆ ನೋಡಿದೆ. ಹದಿನೆಂಟೂವರೆ. ಚೀಟಿಯಲ್ಲಿ ಬರೆದುಕೊಂಡೆ.

ಈ ಬೆಳಿಗ್ಗೆ ಅಜ್ಜಂಪುರಕ್ಕೆ ಬಂದು ಆಚಾರ್ರ ಮುಂದೆ ಹಿಡಿ ಇಟ್ಟು, ಚೀಟಿ ಚಾಚಿದೆ. ಅವರು ಉಳಿ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ಚೀಟಿಯ ಕಡೆ ನೋಡದೆ ನನ್ನ ಕಡೆ ನೋಡಿದರು.

“ಚೀಟಿ ಅಳತೆ ನಾನು ಹಿಡಿಯಲ್ಲ ಸಾರ್. ಅಕ್ಕಾರ್ನ ಕರ್ಕೊಂಡ್ ಬನ್ನಿ. ನೀವೂ ಬನ್ನಿ, ನಿಮ್ದೂ ಬಾಕಿ ಐತೆ.”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಗಲಿ ಎಂದು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಕಡೂರಿನ ಬಸ್ಸು ಹೊರಡಲು ನಿಂತಿತ್ತು, ಸೀಟೂ ಖಾಲಿ ಇತ್ತು, ಕಂಡಕ್ಟರ್ ಹತ್ತಿ ಹತ್ತಿ ಎನ್ನುತ್ತಿದ್ದ. ತರೀಕೆರೆಯದು ಎಷ್ಟು ಹೊತ್ತಿಗೆ ಎಂದು ಅವನನ್ನೇ ಕೇಳಿದೆ.